ಗಗನಗೂಳಿಯ ಸೆಕೆಂಡ್ ಹಾಫ್

ಮಾರ್ಚ್ 2, ಭಾನುವಾರ

ಈ ನೋಟ್‌ಬುಕ್ಕು ಹೆಂಡತಿಯ ಕೊಡುಗೆ. "ಇನ್ಮೇಲೆ ಸಿನಿಮಾ ಬಗ್ಗೆ ಏನು ಗೊಣಗೋದಿದ್ರೂ ಇದರ ಹತ್ರ ಗೊಣಗಿ. ಇದಕ್ಕೆ ಕಿವಿ ಇಲ್ಲ, ಪುಣ್ಯ ಮಾಡಿದೆ" ಎಂದಳು. ಇಪ್ಪತ್ತಾರು ವರ್ಷ ದುಡಿದ ಕಿವಿಗಳು ನಿವೃತ್ತಿ ಕೇಳಿದರೆ ಇಲ್ಲವೆನ್ನಲಾಗದು. ಹಾಗಾಗಿ ಇದು ದಿನಚರಿಯಲ್ಲ, ದೂರುಪುಸ್ತಕ.

ಹದಿನಾಲ್ಕನೇ ತಾರೀಕು ಕಾಮಿಕ್ಸ್ ಹೀರೋ 'ಗಗನಗೂಳಿ'ಯ ಆರನೆಯ ಚಿತ್ರ ಬಿಡುಗಡೆ. ಎಂಟನೇ ವಯಸ್ಸಿಗೆ ಗೂಳಿಯ ಬಾಲ ಹಿಡಿದವನು ನಾನು, ಐವತ್ತೊಂದಾದರೂ ಬಿಟ್ಟಿಲ್ಲ. ಎರಡು ನಿಮಿಷದ ಟ್ರೇಲರಿನಲ್ಲಿ ಈಗಾಗಲೇ ಹನ್ನೊಂದು ತಪ್ಪು ಹಿಡಿದಿದ್ದೇನೆ.

ದೂರು 1: ಕೊಂಬು. ಕಾಮಿಕ್ಸಿನಲ್ಲಿ ಗೂಳಿಯ ಮುಖವಾಡದ ಕೊಂಬು ಹೊರಕ್ಕೆ ಬಾಗಿದೆ. ಇಲ್ಲಿ ಒಳಕ್ಕೆ ಸುತ್ತಿಕೊಂಡಿದೆ. ಇದು ಗಗನಗೂಳಿಯಲ್ಲ, ಗಗನಟಗರು.

ದೂರು 2: ಹೆತ್ತವರು. ಐದು ಚಿತ್ರಗಳಲ್ಲಿ ಗೂಳಿಯ ಅಪ್ಪ ಅಮ್ಮನನ್ನು ನಾಲ್ಕು ಸಲ ಕೊಂದಿದ್ದಾರೆ. ಟ್ರೇಲರಿನಲ್ಲಿ ಮತ್ತೆ ಅದೇ ಗಲ್ಲಿ, ಅದೇ ಮಳೆ, ಉರುಳುವ ಅದೇ ಟೋಪಿ. ಆ ದಂಪತಿಗೆ ಸತ್ತು ಸತ್ತು ಸಾಕಾಗಿರಬೇಕು. ಈ ಲೋಕದಲ್ಲಿ ಹೀರೋ ಸತ್ತರೆ ಅದು ವಾರ್ಷಿಕ ರಜೆ, ಹೀರೋನ ಅಪ್ಪ ಅಮ್ಮ ಸತ್ತರೆ ಅದು ಖಾಯಂ ನೌಕರಿ.

ದೂರು 3: ಹಲ್ಲು. ಇದು ವೃತ್ತಿಪರ ದೂರು. ನಾನು ಲ್ಯಾಬಿನಲ್ಲಿ ಹಲ್ಲಿನ ಸೆಟ್ ಕಟ್ಟುವವನು. ಎಂಥ ಹಲ್ಲು ಎಂಥ ಏಟಿಗೆ ಬೀಳುತ್ತದೆಂದು ಬಲ್ಲೆ. ಈ ಮಹಾಶಯ ರೈಲಿಗೆ ದವಡೆ ಕೊಟ್ಟಿದ್ದಾನೆ, ಗೋಪುರವನ್ನು ಮುಖದಿಂದ ಕೆಡವಿದ್ದಾನೆ, ಆದರೂ ನಕ್ಕರೆ ಮೂವತ್ತೆರಡೂ ಹಾಜರ್. ಶಕ್ತಿ ಎಲ್ಲಿಂದ ಬಂತೆಂದು ಅರ್ಧ ಗಂಟೆ ವಿವರಿಸುತ್ತಾರೆ. ಒಸಡು ಎಲ್ಲಿಂದ ಬಂತೆಂದು ಯಾರೂ ಹೇಳುವುದಿಲ್ಲ.

ಉಳಿದದ್ದು ನಾಳೆ.

ಟಿಕೆಟ್ ಕಾಯ್ದಿರಿಸಿದೆ. ಮೊದಲ ದಿನ, ಮೊದಲ ಆಟ. ಅಭ್ಯಾಸಬಲದಿಂದ ಬೆರಳು ಎರಡು ಸೀಟು ಒತ್ತಿಬಿಟ್ಟಿತು. ಬೆರಳಿಗೆ ಮಾನ ಮರ್ಯಾದೆ ಇಲ್ಲ. ಅಣ್ಣನಿಗೂ ನನಗೂ ಮಾತು ನಿಂತು ಏಳು ತಿಂಗಳಾಯಿತು. ಪಕ್ಕದ ಸೀಟಿನಲ್ಲಿ ಕೋಟು ಇಡುತ್ತೇನೆ.

ಮಾರ್ಚ್ 3, ಸೋಮವಾರ

ಅಣ್ಣನ ಜೊತೆ ಮಾತು ಏಕೆ ನಿಂತಿತು ಎಂಬುದನ್ನೂ ದೂರುಪುಸ್ತಕದಲ್ಲಿ ದಾಖಲಿಸಬೇಕು.

ಚಿಕ್ಕವರಿದ್ದಾಗ ಇಬ್ಬರಿಗೂ ಸೇರಿ ಒಂದೇ ಪ್ರತಿ. ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು, ಆದ್ದರಿಂದ ಪುಸ್ತಕ ಅವನ ಕಡೆ. ನಾನು ಎದುರು ಕೂತು ತಲೆಕೆಳಗಾಗಿ ಓದುತ್ತಿದ್ದೆ. ಅವನು ಪುಟ ಮಗುಚುವುದರೊಳಗೆ ಮುಗಿಸಬೇಕಿತ್ತು, ಮುಗಿಸುತ್ತಿದ್ದೆ. ಅವನಿಗೆ ಗೂಳಿ ಮೇಲಕ್ಕೆ ಹಾರುತ್ತಿದ್ದರೆ ನನಗೆ ಕೆಳಕ್ಕೆ ಬೀಳುತ್ತಿದ್ದ. ಎಷ್ಟು ಎತ್ತರದಿಂದ ಬಿದ್ದರೂ ಮುಂದಿನ ಚೌಕದಲ್ಲಿ ಎದ್ದು ನಿಂತಿರುತ್ತಿದ್ದ. ನಾನು ಗೂಳಿಯನ್ನು ಪ್ರೀತಿಸಿದ್ದೇ ಅದಕ್ಕೆ. ಹಾರುವುದು ಹಕ್ಕಿಗೂ ಬರುತ್ತದೆ.

ಐದನೆಯ ಚಿತ್ರ ಮುಗಿಸಿ ಮೆಟ್ಟಿಲಿಳಿಯುವಾಗ ಇದನ್ನೇ ಹೇಳಿದೆ. ಅಣ್ಣ ಹತ್ತು ಜನರ ಮುಂದೆ, "ಐವತ್ತಾದ್ರೂ ನಿಂಗೆ ಒಂದು ಕಾಮಿಕ್ಸ್ ನೆಟ್ಟಗೆ ಓದೋಕೆ ಬರಲ್ಲ" ಎಂದ. ಪುಸ್ತಕ ತನ್ನ ಕಡೆ ಹಿಡಿದುಕೊಂಡವನು ಆಡುವ ಮಾತೇ ಇದು?

ಮಾರ್ಚ್ 4, ಮಂಗಳವಾರ

ಸಂಜೆ ಅತ್ತಿಗೆಯ ಫೋನ್. ಅಣ್ಣನ ಬಲಗಣ್ಣಿನ ಹಿಂದಿನ ಪರದೆ ಕಳಚಿದೆ. ಬೆಳಿಗ್ಗೆಯೇ ಆಪರೇಷನ್ ಆಗಿದೆ.

ಮೂರು ದಿನದಿಂದ ಅವನಿಗೆ ಮೂಲೆಯಲ್ಲೊಂದು ಕಪ್ಪು ಸೆರಗು ಇಳಿದಂತೆ ಕಾಣುತ್ತಿತ್ತಂತೆ. ಅಣ್ಣ ಗಡಿಯಾರ ರಿಪೇರಿಯವನು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೊಳೆಯಾಗಿದೆ ಎಂದುಕೊಂಡು ಮೂರು ದಿನವೂ ಅದನ್ನೇ ಒರೆಸುತ್ತ ಕೂತಿದ್ದನಂತೆ. ಹೊಸದೊಂದನ್ನು ತರಿಸಿದನಂತೆ. ಅದರಲ್ಲೂ ಸೆರಗು ಕಂಡಾಗ ಅಂಗಡಿಯವನಿಗೆ ಬೈದನಂತೆ.

ಸಿನಿಮಾ ಪರದೆಗಾಗಿ ಜಗಳವಾಡಿದವನಿಗೆ ಕಣ್ಣಿನ ಪರದೆಯೇ ಕೈಕೊಟ್ಟಿತು ಎಂದು ಬರೆಯಬಹುದು. ಬರೆದೆ. ನಗು ಬರಲಿಲ್ಲ.

ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ. ಜೀವಮಾನವಿಡೀ ಊರಿಗೆ ಗ್ಯಾಸ್ ಬಿಟ್ಟವನಿಗೆ ತಕ್ಕ ಔಷಧಿ. ಆ ಗುಳ್ಳೆ ಮೇಲಕ್ಕೇರಿ ಪರದೆಯನ್ನು ಕಣ್ಣಿನ ಒಳಗೋಡೆಗೆ ಒತ್ತಿ ಹಿಡಿಯಬೇಕು. ಅದಕ್ಕಾಗಿ ಎರಡು ವಾರ ಬೋರಲು ಮಲಗಬೇಕು. ಗಂಟೆಗೆ ಹತ್ತು ನಿಮಿಷ ಬಿಡುವು, ಅಷ್ಟೇ. ತಲೆ ಎತ್ತಿದರೆ ಗುಳ್ಳೆ ಜಾರುತ್ತದೆ, ಪರದೆ ಮತ್ತೆ ಕಳಚುತ್ತದೆ. ಎಡಗಣ್ಣು ಹುಟ್ಟಿದಾಗಿನಿಂದ ನೆರಳಷ್ಟೇ ಕಾಣುವುದು. ಅಂದರೆ ಉಳಿದಿರುವುದು ಒಂದೇ ಕಣ್ಣು, ಅದೂ ತಲೆ ತಗ್ಗಿಸಿದರೆ ಮಾತ್ರ. ಅಣ್ಣ ಇದುವರೆಗೆ ಗಡಿಯಾರದ ಮುಂದಲ್ಲದೆ ಬೇರೆ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ.

"ಬೆಳಿಗ್ಗೆ ನಂಗೆ ಬೇಕರಿ ಪಾಳಿ. ಎರಡು ಗಂಟೆವರೆಗೂ ನೀವು ಬಂದು ಕೂತ್ಕೊಳ್ಳಿ" ಎಂದರು ಅತ್ತಿಗೆ. "ಮಾತಾಡ್ಬೇಡಿ ಬೇಕಾದ್ರೆ. ತಲೆ ಎತ್ತದ ಹಾಗೆ ನೋಡ್ಕೊಂಡ್ರೆ ಸಾಕು."

ಲ್ಯಾಬಿನಲ್ಲಿ ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡೆ. ಅತ್ತಿಗೆ ಕೇಳಿದರೆಂದು.

ಮಾರ್ಚ್ 6, ಗುರುವಾರ

ಕೆಳಮನೆಯ ಫಿಸಿಯೋಥೆರಪಿಸ್ಟ್ ತನ್ನ ಮಸಾಜ್ ಮಂಚ ಕೊಟ್ಟಿದ್ದಾಳೆ, ಮುಖಕ್ಕೊಂದು ತೂತಿರುವಂಥದ್ದು. ಅಣ್ಣ ಅದರ ಮೇಲೆ ಬೋರಲು. ಹೊರಗಿನಿಂದ ನೋಡಿದರೆ ಒಂದು ಬೆನ್ನು, ಎರಡು ಹಿಮ್ಮಡಿ. ಮಾತಾಡಬೇಕಾದರೆ ಮಂಚದ ಕೆಳಗೆ ಅಂಗಾತ ಮಲಗಬೇಕು. ಮಲಗಿದೆ. ಮೇಲೆ ತೂತಿನಲ್ಲಿ ಹುಣ್ಣಿಮೆಯ ಹಾಗೆ ಅಣ್ಣನ ಮುಖ, ಬಲಗಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ.

"ಪ್ಲಾಸ್ಟಿಕ್ ಒಸಡಿನ ವಾಸನೆ" ಎಂದ. "ನೀನಾ?"

"ನಾನೇ."

"ಸಾರಿ ಕೇಳೋಕೆ ಬಂದ್ಯಾ?"

"ಇಲ್ಲ, ಕಾವಲಿಗೆ ಬಂದೆ."

"ಒಳ್ಳೇದು. ನಾನೂ ಕೇಳಲ್ಲ."

ಹೀಗೆ ಏಳು ತಿಂಗಳ ಮೌನ ಮುರಿಯಿತು. ಆಮೇಲೆ ಒಂದು ಗಂಟೆ ಇಬ್ಬರೂ ಸುಮ್ಮನಿದ್ದೆವು. ಎರಡನೇ ಗಂಟೆಗೆ ಅವನು ಮೊಣಕೈ ಊರಿ ಏಳಲು ನೋಡಿದ. "ಕತ್ತು ಕಿತ್ತು ಬರ್ತಿದೆ ಕಣೋ. ನೆಲ ನೋಡಿ ನೋಡಿ ಈ ಟೈಲ್ಸಿನ ಜಾತಕ ಬರೀಬಲ್ಲೆ."

"ನಿಂಗೆ ಟೈಲ್ಸ್ ಕಾಣಲ್ಲ."

"ಅದಕ್ಕೇ ಜಾತಕ ಅಂದಿದ್ದು."

ಬೇರೇನೂ ತೋಚದೆ ಕಪಾಟಿನಿಂದ ಗಗನಗೂಳಿ ಹದಿನೇಳನೇ ಸಂಚಿಕೆ ತಂದು ಓದಿದೆ. ಕಾಮಿಕ್ಸ್ ಓದಿ ಹೇಳುವುದು ರೇಡಿಯೋದಲ್ಲಿ ನೃತ್ಯ ತೋರಿಸಿದ ಹಾಗೆ. ಮಾತಿರುವುದು ಮೂರೇ ಸಾಲು, ಮಿಕ್ಕಿದ್ದೆಲ್ಲ 'ಧಡಾರ್'. ಯಾರು ಎಲ್ಲಿ ನಿಂತಿದ್ದಾರೆ, ಆಕಾಶಕ್ಕೆ ಯಾವ ಬಣ್ಣ, ಡಾಕ್ಟರ್ ತುಕ್ಕು ಯಾವ ಹುಬ್ಬು ಎತ್ತಿದ್ದಾನೆ, ಎಲ್ಲವನ್ನೂ ಬಾಯಲ್ಲೇ ಬಿಡಿಸಬೇಕು. ತುಕ್ಕು ಎಂದರೆ ಗೂಳಿಯ ಆಜನ್ಮ ವೈರಿ. ಮುಟ್ಟಿದ ಲೋಹವೆಲ್ಲ ಪುಡಿ. ಅವನ ಕೆಳದವಡೆ ಮುಂದೆ ಬಂದಿದೆ ಎಂಬುದನ್ನು ಈವತ್ತೇ ಗಮನಿಸಿದೆ. ಬಾಲ್ಯದಲ್ಲೇ ಹಲ್ಲಿಗೆ ತಂತಿ ಹಾಕಿಸಿದ್ದರೆ ಲೋಕಕ್ಕೆ ಒಬ್ಬ ಖಳ ಕಡಿಮೆಯಾಗುತ್ತಿದ್ದ.

ಅಣ್ಣ ಎರಡು ಗಂಟೆಯವರೆಗೂ ಏಳಲಿಲ್ಲ.

ಮಾರ್ಚ್ 8, ಶನಿವಾರ

ಹತ್ತು ನಿಮಿಷ ತಡವಾಗಿ ಹೋದೆ. ಮಂಚ ಖಾಲಿ. ಅಣ್ಣ ಕಿಟಕಿಯ ಹತ್ತಿರ ನೆಟ್ಟಗೆ ಕೂತಿದ್ದ, ತಲೆ ಎತ್ತಿಕೊಂಡು.

"ಸಾಕು. ಹೋದ್ರೆ ಹೋಗ್ಲಿ. ಹೆಣದ ಹಾಗೆ ಬಿದ್ದಿರೋಕೆ ನನ್ ಕೈಲಾಗಲ್ಲ."

ನಾನು ಬಯ್ಯಲಿಲ್ಲ. ಹದಿನೆಂಟನೇ ಸಂಚಿಕೆ ತೆಗೆದುಕೊಂಡು ಮಂಚದ ಕೆಳಗೆ ತೂರಿ, ಯಾರೂ ಇಲ್ಲದ ತೂತಿಗೆ ಓದಲು ಶುರು ಮಾಡಿದೆ. ನಾಲ್ಕನೇ ಪುಟದಲ್ಲಿ ಬೇಕೆಂದೇ ತಪ್ಪು ಓದಿದೆ.

"ಸೇತುವೆ ಅಲ್ಲ, ಅಣೆಕಟ್ಟು" ಎಂದಿತು ಕಿಟಕಿ.

ಮತ್ತೊಂದು ತಪ್ಪು ಓದಿದೆ. ತೂತಿನಲ್ಲಿ ಚಂದ್ರೋದಯವಾಯಿತು.

ನಾಳೆಯಿಂದ ಕಾಲು ಗಂಟೆ ಮೊದಲೇ ಹೋಗಬೇಕು. ಬೆಳಿಗ್ಗೆ ದಾರಿಯಲ್ಲಿ ವಾಹನ ಜಾಸ್ತಿ.

ಮಾರ್ಚ್ 11, ಮಂಗಳವಾರ

ತಪಾಸಣೆ. ಅಣ್ಣನನ್ನು ತಲೆ ತಗ್ಗಿಸಿಕೊಂಡೇ ಕರೆದುಕೊಂಡು ಹೋಗಿ ತಲೆ ತಗ್ಗಿಸಿಕೊಂಡೇ ಕರೆತಂದೆ. ನೋಡಿದವರು ಏನೋ ಮಾನಗೆಟ್ಟ ಕೆಲಸ ಮಾಡಿ ಸಿಕ್ಕಿಬಿದ್ದಿದ್ದಾನೆ ಅಂದುಕೊಂಡಿರಬೇಕು.

ಕಣ್ಣಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಾಲು ಹಲ್ಲು, ಮಾತು ಕಡಿಮೆ. ಪರದೆ ಸದ್ಯಕ್ಕೆ ಅಂಟಿಕೊಂಡಿದೆ, ಒಂದು ಅಂಚು ಮಾತ್ರ ಅನುಮಾನ ಎಂದರು. "ಮಧ್ಯ ಎದ್ದಿದ್ರಾ?"

ಅಣ್ಣ ನೆಲ ನೋಡಿದ. ಅವನು ಹೇಗೂ ನೆಲವನ್ನೇ ನೋಡುತ್ತಿದ್ದ. ನಾನು, "ಒಂದ್ಸಲ. ನಾನು ತಡ ಮಾಡಿದೆ" ಎಂದೆ.

"ಇನ್ನೊಂದು ವಾರ ಸರಿಯಾಗಿ ಮಲಗಿ. ಗ್ಯಾಸ್ ಪೂರ್ತಿ ಹೋಗೋವರೆಗೂ ವಿಮಾನ ಹತ್ತಬಾರದು, ಎತ್ತರದ ಬೆಟ್ಟ ಹತ್ತಬಾರದು. ಒಟ್ನಲ್ಲಿ ಹಾರಬಾರದು."

"ಕೇಳಿಸ್ಕೊಂಡ್ಯಾ?" ಎಂದ ಅಣ್ಣ ನನ್ನ ಕಡೆಗೆ. "ನಿನ್ನ ಪಕ್ಷ ಗೆದ್ದಿತು."

ಹೊರಡುವಾಗ ಅಣ್ಣ, ಗುಳ್ಳೆ ಮೇಲಿದೆ ಅಂತೀರಿ, ನಂಗೆ ಕೆಳಗೆ ಕುಲುಕಿದ ಹಾಗನ್ಸುತ್ತಲ್ಲ ಎಂದು ಕೇಳಿದ. ಎಲ್ಲರ ಕಣ್ಣಲ್ಲೂ ಚಿತ್ರ ತಲೆಕೆಳಗಾಗಿಯೇ ಬೀಳುವುದು, ಮಿದುಳು ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ ಎಂದರು ಡಾಕ್ಟರಮ್ಮ.

ಆಟೋದಲ್ಲಿ ಅಣ್ಣ ತನ್ನ ಮೊಣಕಾಲಿಗೆ ಹೇಳಿದ: "ಅಂದ್ರೆ ಇಷ್ಟು ವರ್ಷ ಎಲ್ಲರೂ ನಿನ್ನ ಹಾಗೇ ಓದ್ತಿದ್ದದ್ದು."

ಇದನ್ನು ಸಾರಿ ಎಂದು ಎಣಿಸಬಹುದೋ ಇಲ್ಲವೋ ಹೆಂಡತಿಯನ್ನು ಕೇಳಬೇಕು.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಹತ್ತರ ಆಟ. ಅತ್ತಿಗೆ ರಜೆ ಹಾಕಿದ್ದರು. "ಹೋಗಿ ಬಾ" ಎಂದಿದ್ದ ಅಣ್ಣ, "ಒಂದು ಫ್ರೇಮೂ ಬಿಡದೆ ಹೇಳ್ಬೇಕು. ಸಾಲದ್ದಕ್ಕೆ ನಿನ್ನ ದೂರುಗಳನ್ನ ಬೇರೆ ಹೇಳು, ನಿದ್ದೆ ಬರುತ್ತೆ."

ಮೊದಲ ಅರ್ಧದಲ್ಲಿ ಅಪ್ಪ ಅಮ್ಮ ಐದನೇ ಸಲ ಸತ್ತರು. ಕೊಂಬು ಟಗರಿನದೇ. ಗೂಳಿಯ ನಟನಿಗೆ ದವಡೆ ಇದೆ, ಮುಖವಿಲ್ಲ. ತುಕ್ಕು ಗೂಳಿಯನ್ನು ಹಿಡಿದು ಕಬ್ಬಿಣದ ಪಂಜರದಲ್ಲಿ ಕೂಡಿಹಾಕುತ್ತಾನೆ. ಲೋಹ ಪುಡಿ ಮಾಡುವವನು ಕಬ್ಬಿಣದ ಪಂಜರ ಕಟ್ಟುವುದು ಹಲ್ಲಿಲ್ಲದವನು ಹಲ್ಲುಪುಡಿ ಕೊಂಡ ಹಾಗೆ. ಇದನ್ನು ಹೇಳಲು ಬಲಕ್ಕೆ ತಿರುಗಿದೆ. ಕೋಟು ಕೂತಿತ್ತು. ಯಾವಾಗಲೂ ಅವನ ಎಡಕ್ಕೆ ನಾನು ಕೂರುವುದು, ಆ ಕಡೆಯ ಕಣ್ಣು ಮಂದ ಎಂದು.

ವಿರಾಮದಲ್ಲಿ ಎದ್ದು ಬಂದೆ. ಸೀಟಿನ ಸ್ಪ್ರಿಂಗ್ ಚುಚ್ಚುತ್ತಿತ್ತು. ಅದೂ ಅಲ್ಲದೆ ಅತ್ತಿಗೆಗೆ ಗಂಟೆ ನೋಡಿ ಹತ್ತು ನಿಮಿಷ ಬಿಡುವು ಕೊಡುವುದು ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಗೂಳಿ ಚಿತ್ರದಿಂದ ಮಧ್ಯದಲ್ಲಿ ಎದ್ದದ್ದು ಇದೇ ಮೊದಲು. ಆ ಸ್ಪ್ರಿಂಗಿನ ಬಗ್ಗೆ ಮ್ಯಾನೇಜರಿಗೆ ಪತ್ರ ಬರೆಯಬೇಕು.

"ಇಷ್ಟು ಬೇಗ?" ಎಂದ ಅಣ್ಣ.

"ಚಿಕ್ಕ ಚಿತ್ರ."

"ಗೂಳಿ ಚಿತ್ರ ಚಿಕ್ಕದಾ? ಸರಿ, ಹೇಳು."

ಪಂಜರದವರೆಗೆ ಹೇಳಿದೆ. "ಆಮೇಲೆ?" ಎಂದ. ಎರಡು ಗಂಟೆ ಹೊಡೆಯಿತು. ಆಮೇಲಿನದು ನಾಳೆ ಎಂದೆ.

ಮಾರ್ಚ್ 15, ಶನಿವಾರ

ಆಮೇಲಿನದು ನನಗೆಲ್ಲಿ ಗೊತ್ತು. ಬಸ್ಸಿನಲ್ಲಿ ಹೊಂದಿಸಿಕೊಂಡು ಹೋದೆ.

ತುಕ್ಕು ಗೂಳಿಯ ಉಕ್ಕಿನ ಕೊಂಬನ್ನು ಮುಟ್ಟುತ್ತಾನೆ. ಕೊಂಬು ಪುಡಿಪುಡಿ. ಹಾರುವ ಬಲವೆಲ್ಲ ಅದರಲ್ಲೇ; ಗೂಳಿಗೆ ಇನ್ನು ಹಾರಲಾಗದು. ಅಷ್ಟಕ್ಕೇ ಬಿಡದೆ ನಲವತ್ತು ಮಹಡಿಯ ಕಟ್ಟಡದ ಲಿಫ್ಟುಗಳಿಗೂ ತುಕ್ಕು ಹಿಡಿಸುತ್ತಾನೆ. ಹೊಗೆ, ಕತ್ತಲೆ, ತುದಿಯ ಮಹಡಿಯಲ್ಲಿ ಜನ. ಮೆಟ್ಟಿಲುಗಳ ಕಟಾಂಜನ ಕೂಡ ಉದುರಿಹೋಗಿದೆ, ಕೆಳಗೆ ಇಣುಕಿದರೆ ಪಾತಾಳ. ಗೂಳಿ ನಲವತ್ತು ಮಹಡಿ ನಡೆದು ಹತ್ತುತ್ತಾನೆ.

"ಏದುಸಿರು ಬಿಟ್ಟನಾ?"

"ಬಿಟ್ಟ."

"ಆ ದವಡೆ ನಟನಾ?"

"ಚೆನ್ನಾಗೇ ಬಿಟ್ಟ ಮಾರಾಯ, ಕೇಳು."

ಜನಕ್ಕೆ ಕೆಳಗೆ ನೋಡಿದರೆ ತಲೆ ಸುತ್ತು. ಆಗ ಗೂಳಿ ಅವರಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತು, ಅವರ ಕಡೆ ಮುಖ ಮಾಡಿ, ಹಿಂದುಹಿಂದಕ್ಕೆ ಇಳಿಯತೊಡಗುತ್ತಾನೆ. ಪಾತಾಳ ನೋಡಬೇಡಿ, ನನ್ನ ಮುಖ ನೋಡಿ ಎನ್ನುತ್ತಾನೆ. ಜಾರಿದವರು ಅವನ ಮೇಲೆ ಬೀಳಬಹುದು. ಅವನು ಜಾರಿದರೆ ಹಿಂದೆ ಯಾರೂ ಇಲ್ಲ.

ಈವತ್ತು ಹದಿಮೂರು ಮಹಡಿ ಇಳಿಸಿದೆ.

ಮಾರ್ಚ್ 16, ಭಾನುವಾರ

ಇನ್ನೂ ಹದಿಮೂರು. ಹದಿನೇಳನೇ ಮಹಡಿಯಲ್ಲಿ ಒಬ್ಬಳ ಸೂಟ್‌ಕೇಸ್ ಉರುಳಿ ಗೂಳಿಯ ಮುಂದಿನ ಹಲ್ಲು ಹೋಯಿತು. ಉಗುಳಿದ. ಅಣ್ಣ ಮಂಚ ಅಲುಗುವ ಹಾಗೆ ನಕ್ಕ. ತಲೆ ಅಲುಗಿಸಬೇಡ ಎಂದು ಗದರಿದೆ.

"ಇದು ಯಾವ ಸಂಚಿಕೇಲಿದೆ?" ಎಂದ.

"ಯಾವುದರಲ್ಲೂ ಇಲ್ಲ. ಬದಲಾಯಿಸಿದ್ದಾರೆ."

"ಮೂಲ ಕಥೆ ಬದಲಾಯಿಸಿದ್ದಾರೆ, ನಿಂಗೆ ಕೋಪ ಬರ್ಲಿಲ್ವಾ?"

"ಬಂತು. ಬರೆದಿಟ್ಟಿದ್ದೀನಿ."

ಬರೆಯಲು ಮರೆತಿದ್ದೇನೆ. ನಾಳೆ.

ಮಾರ್ಚ್ 17, ಸೋಮವಾರ

ಮತ್ತೆ ಹದಿಮೂರು. ಬೇಕರಿಯಿಂದ ಬಂದ ಅತ್ತಿಗೆ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು. ಒಂದು ಮಹಡಿ ಉಳಿದಿದೆ.

ಮಾರ್ಚ್ 18, ಮಂಗಳವಾರ

ಅಂಟಿಕೊಂಡಿದೆ.

ನಾಲ್ಕೂ ಅಂಚು ಅಂಟಿಕೊಂಡಿದೆ. ತಲೆ ಎತ್ತಬಹುದು.

ಡಾಕ್ಟರಮ್ಮ ಉಳಿದದ್ದನ್ನೂ ಹೇಳಿದರು: ನೋಟ ಮೊದಲಿನಷ್ಟು ಬರುವುದಿಲ್ಲ, ನೇರ ಗೆರೆ ಸ್ವಲ್ಪ ಬಾಗಿ ಕಾಣಬಹುದು. ಕೈಗಡಿಯಾರ ಕಷ್ಟ. ಗೋಡೆ ಗಡಿಯಾರ ಆದೀತು. ಅಣ್ಣ, "ಗೋಡೆ ಗಡಿಯಾರಕ್ಕೂ ಹೊಟ್ಟೆ ಕೆಡುತ್ತೆ" ಎಂದ.

ಕಾರಿಡಾರಿನಲ್ಲಿ ಎರಡು ವಾರದ ಮೇಲೆ ತಲೆ ಎತ್ತಿದ. ಒಂದು ಕೈ ಗೋಡೆಯ ಮೇಲೆ. "ಕೊನೇ ಮಹಡಿ?" ಎಂದ.

"ಇಳಿದ್ರು."

"ಗೂಳಿ?"

"ಅವನೂ ಇಳಿದ. ಕೊನೇ ಮೆಟ್ಟಿಲಲ್ಲಿ ಎಡವಿದ, ಆದರೆ ಅಲ್ಲಿ ನೆಲವಿತ್ತು."

ಏಪ್ರಿಲ್ 20, ಭಾನುವಾರ

ಗುಳ್ಳೆ ಪೂರ್ತಿ ಕರಗಿದೆಯೆಂದು ಮೊನ್ನೆ ಹೇಳಿದರು. ಚಿತ್ರ ಇನ್ನೂ ಒಂದು ಹಳೇ ಚಿತ್ರಮಂದಿರದಲ್ಲಿ, ಮ್ಯಾಟಿನಿ ಒಂದೇ ಆಟ, ಓಡುತ್ತಿತ್ತು. ನಾನು ಬೇಡವೆಂದೆ. ಎಷ್ಟು ಬೇಡವೆಂದೆನೋ ಅವನು ಅಷ್ಟು ಹಟ ಹಿಡಿದ. ಅವನ ಎಡಕ್ಕೆ ಕೂತೆ. ಕೋಟು ನನ್ನ ತೊಡೆಯ ಮೇಲೆ.

ವಿರಾಮದ ನಂತರ ಗೂಳಿಯ ಕೊಂಬಿಗೆ ಎಲ್ಲಿಂದಲೋ ನೀಲಿ ಬೆಳಕು ಬಡಿಯಿತು. ಕೊಂಬು ದುಪ್ಪಟ್ಟಾಯಿತು. ಹಾರಿದ. ಅರ್ಧ ಊರನ್ನು ಪುಡಿ ಮಾಡಿ ಊರನ್ನು ಉಳಿಸಿದ. ಒಂದು ಹಲ್ಲೂ ಬೀಳಲಿಲ್ಲ.

"ಮೆಟ್ಟಿಲೆಲ್ಲಿ?" ಎಂದ ಅಣ್ಣ ಕತ್ತಲಲ್ಲಿ.

ನಾನು ಪರದೆ ನೋಡುತ್ತಿದ್ದೆ.

"ಏಯ್, ನಲವತ್ತು ಮಹಡಿ ಎಲ್ಲಿ ಹೋಯ್ತು?"

ಹಿಂದಿನ ಸಾಲು ಶ್ ಎಂದಿತು. ಅಣ್ಣ ಬಹಳ ಹೊತ್ತು ನನ್ನ ಕಡೆ ತಿರುಗಿಕೊಂಡೇ ಇದ್ದ. ಆ ಕತ್ತಲಲ್ಲಿ ಅವನ ಕಣ್ಣಿಗೆ ನಾನು ನೆರಳಷ್ಟೇ ಎಂಬ ಧೈರ್ಯದಲ್ಲಿ ಕೂತಿದ್ದೆ.

ಹೊರಗೆ ಬಂದ ಮೇಲೆ ಶುರು ಮಾಡಿದ. "ಸೆಕೆಂಡ್ ಹಾಫ್ ಪೂರ್ತಿ ಕೆಡಿಸಿದ್ದಾರೆ. ಮೂಲ ಕಥೆಗೆ ದ್ರೋಹ."

"ಯಾವ ಮೂಲ?"

"ನಾನು ಮೊದಲು ಕೇಳಿದ್ದು."

"ಪಾಪ, ಅವರಿಗೂ ಎರಡೂವರೆ ಗಂಟೇಲಿ ಮುಗಿಸ್ಬೇಕಲ್ಲ. ನೀಲಿ ಬೆಳಕು ಅಷ್ಟೇನೂ ಕೆಟ್ಟದಾಗಿರ್ಲಿಲ್ಲ."

"ನೀನು ಈ ಮಾತಾಡ್ತಿದ್ದೀಯಾ? ಹಲ್ಲು ಕೂಡ ಉಗುಳ್ಸಿಲ್ಲ ಕಣೋ ಅವರು."

ವಾದ ಮಾಡುತ್ತ ಮೆಟ್ಟಿಲಿಗೆ ಬಂದೆವು. ಹಳೇ ಕಟ್ಟಡ, ಕಡಿದಾದ ಮೆಟ್ಟಿಲು, ಅಂಚುಗಳು ಸವೆದಿವೆ. ಅಣ್ಣ ತುದಿಯಲ್ಲಿ ನಿಂತು ಪಾದದಿಂದ ಅಂಚು ಹುಡುಕಿದ. ಗೆರೆಗಳು ಬಾಗಿ ಕಾಣುತ್ತವಲ್ಲ. ನಾನು ಎರಡು ಮೆಟ್ಟಿಲು ಕೆಳಗಿಳಿದು ಅವನ ಕಡೆ ತಿರುಗಿ ನಿಂತೆ; ವಾದ ಮಾಡುವಾಗ ಎದುರಾಳಿಯ ಮುಖ ಕಾಣಬೇಕು. ಅವನು ಒಂದು ಇಳಿದ. ನಾನು ಹಿಂದಕ್ಕೆ ಒಂದು ಇಳಿದೆ. ಜನ ಪಕ್ಕದಿಂದ ಗೊಣಗುತ್ತ ದಾಟಿದರು.

ಅರ್ಧ ಇಳಿದ ಮೇಲೆ ಅಣ್ಣ ನಿಂತ. ನನ್ನ ಮುಖ ನೋಡಿದ, ನನ್ನ ಹಿಂದಿನ ಮೆಟ್ಟಿಲು ನೋಡಿದ, ಮತ್ತೆ ಮುಖ ನೋಡಿದ.

"ಹ್ಞಾಂ" ಎಂದ. "ಇದು ಮೂಲದಲ್ಲಿದ್ದ ಹಾಗೇ ಇದೆ."

ಯಾವುದು ಎಂದು ಕೇಳಲಿಲ್ಲ. ಹಿಂದುಹಿಂದಕ್ಕೆ ಇಳಿಯುವಾಗ ಮಾತಾಡಿದರೆ ನಾನು ಎಡವುತ್ತೇನೆ.